ಕೀಳರಿಮೆಗೆ ಆನ್‌ಲೈನ್ ನೆರವು: ಕೇಳಿ, ವಿಚಾರಿಸಿ, ಆರಿಸಿಕೊಳ್ಳಿ

ಜ್ವರ ಬಂದವರು ಡಾಕ್ಟರ ಹತ್ತಿರ ಹೋಗಲು ತಮ್ಮ ಮನಸ್ಸಿನ ಅಪ್ಪಣೆ ಕೇಳುವುದಿಲ್ಲ. ‘ನಾನು ಯಾತಕ್ಕೂ ಬಾರದವನು’ ಎಂದು ಒಳಗೊಳಗೇ ನಂಬಿಕೊಂಡವರ ಪಾಡು ಹಾಗಲ್ಲ. ‘ಇಷ್ಟಕ್ಕೆಲ್ಲ ದುಡ್ಡು ದಂಡ ಮಾಡಬೇಕಾ? ನನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ?’ ಎಂದು ಅವರ ಮನಸ್ಸೇ ಅಡ್ಡ ನಿಲ್ಲುತ್ತದೆ. ಅದನ್ನೂ ದಾಟಿ ಮೊಬೈಲ್ ಕೈಗೆತ್ತಿಕೊಂಡರೆ ನೂರಾರು ಮುಖಗಳು, ನೂರಾರು ಪದವಿಗಳು, ‘ಮೊದಲ ಸೆಷನ್ ಉಚಿತ’ ಎಂಬ ಜಾಹೀರಾತುಗಳು ಎದುರಾಗುತ್ತವೆ. ಇವರಲ್ಲಿ ಯಾರು ಸರಿ ಎಂದು ತೀರ್ಮಾನಿಸಲು ತನ್ನ ಮೇಲೆ ತನಗೆ ಒಂದಿಷ್ಟು ನಂಬಿಕೆ ಬೇಕು. ಇಲ್ಲದಿರುವುದೇ ಅದು.

ಕಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಕೀಳರಿಮೆ ಇರುವವರು ಪ್ರಶ್ನೆ ಕೇಳುವುದಿಲ್ಲ, ಎದುರಿನವರಿಗೆ ಬೇಜಾರಾದೀತು ಎಂಬ ಅಂಜಿಕೆ. ಶುಲ್ಕ ಜಾಸ್ತಿಯಾಯಿತು ಎನ್ನುವುದಿಲ್ಲ, ಮರ್ಯಾದೆಯ ಪ್ರಶ್ನೆ. ಆರು ವಾರ ಕಳೆದರೂ ಏನೂ ಬದಲಾಗದಿದ್ದರೆ ‘ಇವರ ವಿಧಾನ ನನಗೆ ಹೊಂದುತ್ತಿಲ್ಲ’ ಎಂದುಕೊಳ್ಳುವುದಿಲ್ಲ, ‘ನಾನೇ ಸರಿಯಿಲ್ಲ, ನನ್ನನ್ನು ಯಾರೂ ಸರಿ ಮಾಡಲಾರರು’ ಎಂದುಕೊಳ್ಳುತ್ತಾರೆ. ಹೀಗೆ ಸರಿಯಿಲ್ಲದ ಆಯ್ಕೆಯ ಹೊರೆಯೂ ಅವರ ತಲೆಯ ಮೇಲೇ ಬೀಳುತ್ತದೆ.

ಆದ್ದರಿಂದ ಈ ಲೇಖನದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಥೆರಪಿಸ್ಟ್‌ ಬಗ್ಗೆ ವಿಚಾರಿಸುವುದು, ಪದವಿ ಕೇಳುವುದು, ಹೊಂದದಿದ್ದರೆ ಬೇರೆಯವರನ್ನು ಹುಡುಕುವುದು ಉದ್ಧಟತನವಲ್ಲ. ಅದು ನಿಮ್ಮ ಹಕ್ಕು. ಕೀಳರಿಮೆಯ ವಿಷಯದಲ್ಲಂತೂ ಅದು ಚಿಕಿತ್ಸೆಯ ಮೊದಲ ಪಾಠವೂ ಹೌದು.

ಕೀಳರಿಮೆ ಎಂದರೇನು, ಏನಲ್ಲ

ಆತ್ಮಗೌರವವನ್ನು ಅಳೆಯಲು ಇವತ್ತಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಮಾಪಕ. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಲು ಅವರು ರೂಪಿಸಿದ್ದು ಅದು. ಇರುವುದು ಹತ್ತೇ ಹೇಳಿಕೆಗಳು. ಐದು ತನ್ನ ಬಗ್ಗೆ ಒಳ್ಳೆಯ ಭಾವನೆಯವು, ಐದು ಅದಕ್ಕೆ ವಿರುದ್ಧವಾದವು. ಒಂದೊಂದಕ್ಕೂ ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಗುರುತು ಹಾಕಬೇಕು. ಆತ್ಮಗೌರವ ಇದೆ ಎಂದರೆ ತಾನು ಉಳಿದವರಿಗಿಂತ ಮೇಲು ಎಂದುಕೊಳ್ಳುವುದಲ್ಲ, ತಾನೂ ಸಾಕಷ್ಟು ಯೋಗ್ಯ ಎಂದು ನೆಮ್ಮದಿಯಿಂದ ಒಪ್ಪಿಕೊಳ್ಳುವುದು ಎಂಬ ಅರ್ಥದಲ್ಲಿ ರೋಸನ್‌ಬರ್ಗ್ ಅದನ್ನು ಬಳಸಿದರು. ‘ಆತ್ಮಗೌರವ ಹೆಚ್ಚಾದರೆ ಅಹಂಕಾರ ಬರುತ್ತದೆ’ ಎಂದು ಹೆದರುವ ಹಿರಿಯರು ಈ ವ್ಯತ್ಯಾಸ ತಿಳಿದರೆ ಮಕ್ಕಳಿಗೆ ದೊಡ್ಡ ಉಪಕಾರ.

ಈ ಮಾಪಕ ಈಗ ಅಂತರ್ಜಾಲದಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ. ಅದರಲ್ಲಿ ಅಂಕ ಕಡಿಮೆ ಬಂದರೆ ಕಾಯಿಲೆ ಇದೆ ಎಂದು ಅರ್ಥವಲ್ಲ. ಕೀಳರಿಮೆ ತಾನಾಗಿಯೇ ಒಂದು ಮನೋರೋಗವಲ್ಲ. ಆದರೆ ಖಿನ್ನತೆ, ಆತಂಕ, ಜನರ ಎದುರು ಬಾಯಿ ಕಟ್ಟುವ ಭಯ ಇವುಗಳ ಜೊತೆ ಅದು ಹೆಣೆದುಕೊಂಡಿರುತ್ತದೆ. ಕೆಲವರಲ್ಲಿ ಅವುಗಳಿಗೆ ದಾರಿ ಮಾಡಿಕೊಡುತ್ತದೆ, ಕೆಲವರಲ್ಲಿ ಅವುಗಳಿಂದಲೇ ಹುಟ್ಟುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಿ ನೋಡಲು ತರಬೇತಾದ ಕಣ್ಣು ಬೇಕು.

ಕೀಳರಿಮೆ ಹೇಗೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಚಿಕಿತ್ಸಾ ಮನೋವಿಜ್ಞಾನಿ ಮೆಲನಿ ಫೆನೆಲ್ 1997ರಲ್ಲಿ ಒಂದು ನಕ್ಷೆ ಕೊಟ್ಟರು. ಚಿಕ್ಕಂದಿನ ಅನುಭವಗಳಿಂದ ತನ್ನ ಬಗ್ಗೆ ಒಂದು ತೀರ್ಪು ಮನಸ್ಸಿನ ತಳದಲ್ಲಿ ಕೂರುತ್ತದೆ: ‘ನಾನು ದಡ್ಡಿ’, ‘ನಾನು ಚೆನ್ನಾಗಿಲ್ಲ’, ‘ನಾನು ಯಾರಿಗೂ ಬೇಡದವನು’. ಆ ತೀರ್ಪು ಬಯಲಾಗದಂತೆ ನೋಡಿಕೊಳ್ಳಲು ಮನುಷ್ಯ ತನಗೆ ತಾನೇ ಕಟ್ಟಳೆಗಳನ್ನು ಮಾಡಿಕೊಳ್ಳುತ್ತಾನೆ: ‘ಎಲ್ಲದರಲ್ಲೂ ನೂರಕ್ಕೆ ನೂರು ತೆಗೆಯಬೇಕು’, ‘ಯಾರಿಗೂ ಇಲ್ಲ ಅನ್ನಬಾರದು’, ‘ಬಾಯಿ ಬಿಡದಿದ್ದರೆ ಬಚಾವು’. ಕಟ್ಟಳೆ ಮುರಿಯುವ ಸಂದರ್ಭ ಬಂದಾಗ ಭಯ ಹುಟ್ಟುತ್ತದೆ, ಭಯದಿಂದ ತಪ್ಪಿಸಿಕೊಳ್ಳುತ್ತಾನೆ. ತಪ್ಪಿಸಿಕೊಂಡಿದ್ದರಿಂದ ತೀರ್ಪು ಸುಳ್ಳೆಂದು ತಿಳಿಯುವ ಅವಕಾಶವೇ ಕೈತಪ್ಪುತ್ತದೆ. ಹಳೆಯ ನಂಬಿಕೆ ಇನ್ನಷ್ಟು ಬಿಗಿಯಾಗುತ್ತದೆ.

ನಮ್ಮ ಮನೆಗಳಲ್ಲಿ ಇಂಥ ತೀರ್ಪುಗಳಿಗೆ ಬರವಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ‘ಪಕ್ಕದ ಮನೆ ಹುಡುಗನ್ನ ನೋಡು’ ಎಂಬ ಮಾತು, ಮದುವೆ ಮನೆಯಲ್ಲಿ ‘ಬಣ್ಣ ಸ್ವಲ್ಪ ಕಮ್ಮಿ’ ಎಂಬ ಪಿಸುಮಾತು, ನೋಡಲು ಬಂದವರು ‘ಆಮೇಲೆ ತಿಳಿಸ್ತೀವಿ’ ಎಂದು ಎದ್ದುಹೋಗುವುದು, ಜಾತಿ ತಿಳಿದೊಡನೆ ಬದಲಾಗುವ ಮಾತಿನ ಧಾಟಿ, ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗಿ ಎಂಜಿನಿಯರಿಂಗ್ ಕಾಲೇಜಿನ ಮೊದಲ ವಾರ ಇಂಗ್ಲಿಷಿಗೆ ತಡವರಿಸಿದಾಗ ಹಿಂದಿನ ಬೆಂಚಿನಿಂದ ಬರುವ ನಗು. ಇವುಗಳಲ್ಲಿ ಕೆಲವು ಸಮಾಜದ ಅನ್ಯಾಯಗಳು, ವ್ಯಕ್ತಿಯ ಕೊರತೆಗಳಲ್ಲ. ಒಳ್ಳೆಯ ಥೆರಪಿಸ್ಟ್ ಈ ಎರಡನ್ನೂ ಬೇರೆ ಬೇರೆಯಾಗಿ ಕಾಣಬೇಕು. ‘ಜನ ಹಾಗೆಲ್ಲ ಅಂದುಕೊಳ್ಳಲ್ಲ, ನಿಮ್ಮ ಭ್ರಮೆ’ ಎಂದು ಅವಮಾನವನ್ನೇ ಅಲ್ಲಗಳೆಯುವವರ ಹತ್ತಿರ ಎರಡನೇ ಬಾರಿ ಹೋಗುವ ಅಗತ್ಯವಿಲ್ಲ.

ಸೆಷನ್‌ನಲ್ಲಿ ನಡೆಯುವುದೇನು

‘ಬರೀ ಮಾತಿಗೆ ಅಷ್ಟು ದುಡ್ಡಾ?’ ಎಂಬುದು ಸಾಮಾನ್ಯ ಅನುಮಾನ. ಉತ್ತರಕ್ಕೆ ಒಂದು ಮಾದರಿ ನೋಡೋಣ. ಇದು ಯಾರೊಬ್ಬರ ಕಥೆಯಲ್ಲ, ಹಲವರ ಅನುಭವಕ್ಕೆ ಹೊಂದುವಂಥದ್ದು.

ತಿಪಟೂರು ಕಡೆಯ ಹುಡುಗಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಕೆಲಸದಲ್ಲಿ ಚುರುಕು, ಆದರೆ ಮೀಟಿಂಗಿನಲ್ಲಿ ಮಾತಿಲ್ಲ. ಅವಳು ಕಂಡುಹಿಡಿದ ಪರಿಹಾರವನ್ನು ಪಕ್ಕದವರು ಹೇಳಿ ಹೆಸರು ತೆಗೆದುಕೊಳ್ಳುತ್ತಾರೆ. ಪಿಜಿಯ ಕೋಣೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿದ್ದಾಳೆ. ತೆರೆಯ ಆಚೆ ಥೆರಪಿಸ್ಟ್.

“ಮೀಟಿಂಗಲ್ಲಿ ಮಾತಾಡಿದ್ರೆ ಏನಾಗುತ್ತೆ ಅನ್ಸುತ್ತೆ?”

“ನಗ್ತಾರೆ ಮೇಡಂ. ಇವಳಿಗೆ ಇಂಗ್ಲಿಷೇ ಬರಲ್ಲ ಅಂತ ಗೊತ್ತಾಗಿಬಿಡುತ್ತೆ.”

“ನಗೋದು ಗ್ಯಾರಂಟಿನಾ? ನೂರಕ್ಕೆ ಎಷ್ಟು?”

“ತೊಂಬತ್ತು.”

“ಸರಿ, ಅದನ್ನ ಬರ್ಕೊಳ್ಳಿ. ಗುರುವಾರದ ಮೀಟಿಂಗಲ್ಲಿ ಒಂದೇ ಒಂದು ಪ್ರಶ್ನೆ ಕೇಳೋಣ. ಪ್ರಶ್ನೆ ಏನು ಅಂತ ಈಗಲೇ ಬರ್ದಿಟ್ಕೊಳ್ಳೋಣ. ಕೇಳಿದ್ಮೇಲೆ ಯಾರು ನಕ್ಕರು, ಯಾರು ಉತ್ತರ ಕೊಟ್ಟರು, ಅದನ್ನೂ ಬರೀರಿ.”

ಮುಂದಿನ ವಾರ ಅವಳ ಹಾಳೆಯಲ್ಲಿ ಇರುವುದು ಇಷ್ಟು: ಪ್ರಶ್ನೆ ಕೇಳಿದೆ. ಧ್ವನಿ ನಡುಗಿತು. ಯಾರೂ ನಗಲಿಲ್ಲ. ಟೀಮ್ ಲೀಡ್ ಉತ್ತರ ಕೊಟ್ಟರು, ಒಬ್ಬರು ‘ನನಗೂ ಅದೇ ಡೌಟ್ ಇತ್ತು’ ಅಂದರು. ತೊಂಬತ್ತು ಅರವತ್ತಕ್ಕೆ ಇಳಿದಿದೆ. ಪೂರ್ತಿ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಅದರ ಮುಂದಿನ ವಾರ ಇನ್ನೊಂದು ಹೆಜ್ಜೆ.

ಇದು ಅರಿವಿನ-ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಏರನ್ ಬೆಕ್ ಇದಕ್ಕೆ ಅಡಿಪಾಯ ಹಾಕಿದರು. ಮನಸ್ಸಿನ ಭವಿಷ್ಯವಾಣಿಯನ್ನು ಕಾಗದದ ಮೇಲಿಟ್ಟು, ಸಣ್ಣ ಪ್ರಯೋಗ ಮಾಡಿ, ಫಲಿತಾಂಶದೊಡನೆ ಹೋಲಿಸುವುದು ಇದರ ಕ್ರಮ. ಇದರ ಜೊತೆಗೆ ದಿನಕ್ಕೆರಡು ಸಾಲು ತನ್ನಿಂದಾದ ಒಳ್ಳೆಯ ಕೆಲಸವನ್ನು ಬರೆದಿಡುವ ಅಭ್ಯಾಸವನ್ನೂ ಕೊಡುತ್ತಾರೆ. ಕೀಳರಿಮೆ ಇರುವ ಮನಸ್ಸು ಬೈಗುಳವನ್ನು ವರ್ಷಗಟ್ಟಲೆ ಕಾಪಾಡುತ್ತದೆ, ಮೆಚ್ಚುಗೆಯನ್ನು ಅದೇ ಸಂಜೆ ಮರೆಯುತ್ತದೆ. ಆ ಲೆಕ್ಕವನ್ನು ಸರಿದೂಗಿಸುವ ಕೆಲಸ ಇದು.

ಬೇರೆ ದಾರಿಗಳೂ ಇವೆ. ಬ್ರಿಟನ್ನಿನ ಪಾಲ್ ಗಿಲ್ಬರ್ಟ್ ರೂಪಿಸಿದ ಕರುಣೆ ಆಧರಿಸಿದ ಚಿಕಿತ್ಸೆ ತನ್ನನ್ನು ತಾನೇ ಸದಾ ಹಳಿಯುವವರಿಗೆ, ನಾಚಿಕೆಯಲ್ಲಿ ಮುದುಡಿದವರಿಗೆ ಹೇಳಿ ಮಾಡಿಸಿದಂಥದ್ದು. ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಿಂದ ಮಂಡಿಸುತ್ತ ಬಂದ ಸ್ವ-ಕರುಣೆಯ ವಿಚಾರವೂ ಇದಕ್ಕೆ ಹತ್ತಿರ: ಗೆಳತಿ ಎಡವಿದರೆ ಅವಳಿಗೆ ಹೇಳುವ ಮಾತನ್ನು ತಾನು ಎಡವಿದಾಗ ತನಗೂ ಹೇಳಿಕೊಳ್ಳುವುದು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರಿಗೆ ಇನ್ನೂ ನಿಧಾನದ, ಇನ್ನೂ ಆಳದ ಕೆಲಸ ಬೇಕಾಗುತ್ತದೆ.

ಯಾವ ದಾರಿಯೇ ಇರಲಿ, ಬರೀ ಹೊಗಳಿಕೆ ಚಿಕಿತ್ಸೆಯಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಆತ್ಮಗೌರವ ಬೆಳೆಸಲೆಂದೇ ಸರ್ಕಾರಿ ಕಾರ್ಯಪಡೆ ಮಾಡಿತ್ತು. ಶಾಲೆಗಳಲ್ಲಿ ಮಕ್ಕಳನ್ನು ಹೊಗಳುವ ಕಾರ್ಯಕ್ರಮಗಳು ಹಬ್ಬಿದವು. ಮನೋವಿಜ್ಞಾನಿ ರಾಯ್ ಬೌಮೀಸ್ಟರ್ ಮತ್ತು ಸಂಗಡಿಗರು 2003ರಲ್ಲಿ ಅದುವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಆತ್ಮಗೌರವವನ್ನು ಉಬ್ಬಿಸಿದ ಮಾತ್ರಕ್ಕೆ ಓದು ಸುಧಾರಿಸುತ್ತದೆ ಎನ್ನಲು ಆಧಾರವಿಲ್ಲ ಎಂದರು. ‘ಕನ್ನಡಿ ಮುಂದೆ ನಿಂತು ನಾನು ಶ್ರೇಷ್ಠ ಎಂದು ಹೇಳಿಕೊಳ್ಳಿ’ ಎನ್ನುವುದರಲ್ಲೇ ಸೆಷನ್‌ಗಳನ್ನು ಮುಗಿಸುವವರಿಂದ ದೂರವಿರಿ ಎನ್ನುವುದಕ್ಕೆ ಇದೇ ಕಾರಣ.

ಹೆಸರಿನ ಮುಂದಿನ ಅಕ್ಷರಗಳು

ತೆರೆಯ ಮೇಲೆ ಎಲ್ಲರೂ ‘ಥೆರಪಿಸ್ಟ್’ ಆಗಿಯೇ ಕಾಣುತ್ತಾರೆ. ಹಿನ್ನೆಲೆ ಮಾತ್ರ ಬೇರೆ ಬೇರೆ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯದಲ್ಲಿ ಎಂ.ಡಿ. ಅಥವಾ ತತ್ಸಮಾನ ಪದವಿ ಪಡೆದವರು. ಔಷಧ ಬರೆದುಕೊಡುವ ಅಧಿಕಾರ ಇರುವವರು. ಕೋವಿಡ್ ಲಾಕ್‌ಡೌನ್ ಆರಂಭದಲ್ಲಿ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಫೋನ್, ವಿಡಿಯೊ ಮೂಲಕ ವೈದ್ಯರನ್ನು ಕಾಣುವುದಕ್ಕೆ ಸ್ಪಷ್ಟ ನಿಯಮಗಳು ಸಿಕ್ಕಿದ್ದು ಆಗ.

ಚಿಕಿತ್ಸಾ ಮನೋವಿಜ್ಞಾನಿಗಳು, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟರು, ಎಂ.ಎ. ಅಥವಾ ಎಂ.ಎಸ್ಸಿ. ಮನೋವಿಜ್ಞಾನದ ನಂತರ ಎಂ.ಫಿಲ್.ನಂಥ ಎರಡು ವರ್ಷಗಳ ತರಬೇತಿಯನ್ನು ಆಸ್ಪತ್ರೆಯಲ್ಲಿ ಪಡೆದಿರುತ್ತಾರೆ. 1992ರ ಕಾಯ್ದೆಯಡಿ ರೂಪುಗೊಂಡ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ಇವರ ಹೆಸರು ನೋಂದಣಿಯಾಗಿರುತ್ತದೆ. ಪರಿಷತ್ತಿನ ವೆಬ್‌ಸೈಟಿನಲ್ಲಿ ಹೆಸರನ್ನು ಹುಡುಕಿ ನೋಡಬಹುದು. ಮಾತ್ರೆ ಬರೆಯುವವರಲ್ಲ, ಮಾತಿನ ಚಿಕಿತ್ಸೆಯಲ್ಲಿ ಪಳಗಿದವರು.

ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್‌ಗಳು, ಮನೋವಿಜ್ಞಾನ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿರಬಹುದು, ಕೆಲವೇ ವಾರಗಳ ಆನ್‌ಲೈನ್ ಕೋರ್ಸ್ ಮುಗಿಸಿದವರೂ ಇರಬಹುದು. ಎಡವುವುದು ಇಲ್ಲಿಯೇ. ಇವರನ್ನೂ ವ್ಯಾಪ್ತಿಗೆ ತಂದುಕೊಳ್ಳುವ ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ 2021ರಲ್ಲಿ ಬಂದಿದೆ. ಆದರೂ ಆಪ್ತಸಮಾಲೋಚಕರೆಂದು ಫಲಕ ಹಾಕಿಕೊಳ್ಳುವುದು ಇನ್ನೂ ಸುಲಭವೇ ಆಗಿದೆ. ‘ಲೈಫ್ ಕೋಚ್’, ‘ಮೈಂಡ್‌ಸೆಟ್ ಮೆಂಟರ್’ ಎಂಬ ಹೆಸರುಗಳಿಗಂತೂ ಯಾವ ಪರವಾನಗಿಯೂ ಬೇಕಿಲ್ಲ. ಕೀಳರಿಮೆ, ಆತ್ಮವಿಶ್ವಾಸ ಎಂಬ ಮಾತುಗಳೇ ಇವರ ಜಾಹೀರಾತಿನ ಬಂಡವಾಳ. ಒಳ್ಳೆಯ ತರಬೇತಿ ಪಡೆದ ಕೌನ್ಸೆಲರ್ ಕೀಳರಿಮೆಯ ವಿಷಯದಲ್ಲಿ ಧಾರಾಳವಾಗಿ ನೆರವಾಗಬಲ್ಲರು. ಎಲ್ಲಿ ಓದಿದರು, ಯಾರ ಮಾರ್ಗದರ್ಶನದಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ, ಅಷ್ಟೆ.

ಎಲ್ಲಿಂದ ಶುರು ಮಾಡುವುದು

ಯಾವುದೂ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಇದು ‘ಟೆಲಿ ಮಾನಸ್’. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ರಾಷ್ಟ್ರೀಯ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಲಭ್ಯ. ಇದರ ಮೇಲುಸ್ತುವಾರಿಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಕರೆ ಸ್ವೀಕರಿಸುವವರು ತರಬೇತಾದ ಸಮಾಲೋಚಕರು. ಅಗತ್ಯ ಬಿದ್ದರೆ ತಜ್ಞರಿಗೆ, ಹತ್ತಿರದ ಆಸ್ಪತ್ರೆಗೆ ದಾಟಿಸುತ್ತಾರೆ. ವಾರ ವಾರ ಒಬ್ಬರೇ ಥೆರಪಿಸ್ಟ್ ಜೊತೆ ಕೂರುವ ಚಿಕಿತ್ಸೆಗೆ ಇದು ಬದಲಿಯಲ್ಲ. ಆದರೆ ‘ನನ್ನದು ನೆರವು ಕೇಳುವಂಥ ತೊಂದರೆಯೇ?’ ಎಂಬ ಪ್ರಶ್ನೆಯನ್ನು ಖರ್ಚಿಲ್ಲದೆ, ಅಳುಕಿಲ್ಲದೆ ಕೇಳಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಮಾನಸಿಕ ಆರೈಕೆಯನ್ನು ದೊಡ್ಡಾಸ್ಪತ್ರೆಯ ಗೋಡೆಯಾಚೆ ತರುವ ಕೆಲಸದಲ್ಲಿ ಕರ್ನಾಟಕದ ಪಾಲು ಹಳೆಯದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೂ ಅಂತರ ದೊಡ್ಡದು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ತೊಂದರೆಗಳಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆನ್‌ಲೈನ್ ವ್ಯವಸ್ಥೆಯ ನಿಜವಾದ ಬೆಲೆ ಕಾಣುವುದು ಇಲ್ಲಿ. ಸೈಕಾಲಜಿಸ್ಟ್ ಇಲ್ಲದ ತಾಲ್ಲೂಕಿನ ಹುಡುಗನಿಗೂ, ಊರಿನ ಕ್ಲಿನಿಕ್ಕಿನ ಬಾಗಿಲಲ್ಲಿ ನೆಂಟರ ಕಣ್ಣಿಗೆ ಬೀಳಲು ಹೆದರುವ ಗೃಹಿಣಿಗೂ ಅದು ದಾರಿ ತೆರೆದಿದೆ. ಖಿನ್ನತೆ, ಆತಂಕಗಳಿಗೆ ವಿಡಿಯೊ ಮೂಲಕ ಕೊಡುವ ಸಿಬಿಟಿ ಎದುರುಬದುರು ಕೂತು ಕೊಡುವ ಚಿಕಿತ್ಸೆಗೆ ಸರಿಸಮನಾಗಿ ಕೆಲಸ ಮಾಡಬಲ್ಲದು ಎಂದು ಅಧ್ಯಯನಗಳು ತೋರಿಸಿವೆ.

ಖಾಸಗಿಯಾಗಿ ಹೋಗುವವರು ಒಂದು ಸೆಷನ್‌ಗೆ ಸಾವಿರದಿಂದ ಎರಡು ಮೂರು ಸಾವಿರ ರೂಪಾಯಿವರೆಗೆ ತೆರಬೇಕಾಗಬಹುದು. ಸೆಷನ್ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ವಿದ್ಯಾರ್ಥಿಗಳಿಗೆ, ಆದಾಯ ಕಡಿಮೆ ಇರುವವರಿಗೆ ಶುಲ್ಕ ಇಳಿಸುವ ಥೆರಪಿಸ್ಟರು ಹಲವರಿದ್ದಾರೆ. ಬಾಯಿ ಬಿಟ್ಟು ಕೇಳಬೇಕು. ಕಾಲೇಜಿನ, ಕಂಪನಿಯ ಕೌನ್ಸೆಲಿಂಗ್ ಸೌಲಭ್ಯ ಇದ್ದರೆ ಅದನ್ನೂ ವಿಚಾರಿಸಿ. ಹತ್ತು ಸೆಷನ್‌ಗಳ ದುಡ್ಡನ್ನು ಒಮ್ಮೆಗೇ ಕಟ್ಟಿಸಿಕೊಳ್ಳುವ ಪ್ಯಾಕೇಜಿಗೆ ಮೊದಲ ದಿನವೇ ಒಪ್ಪಬೇಡಿ.

ಈಚೆಗೆ ಚಾಟ್‌ಬಾಟ್‌ಗಳ ಹತ್ತಿರ ಮನಸ್ಸು ಬಿಚ್ಚುವವರು ಹೆಚ್ಚುತ್ತಿದ್ದಾರೆ. ನಡುರಾತ್ರಿಯ ಒಂಟಿತನಕ್ಕೆ ಅದು ಒಂದಿಷ್ಟು ಸಮಾಧಾನ ಕೊಡಬಹುದು. ಆದರೆ ಕೀಳರಿಮೆಯ ಮೂಲ ಇರುವುದು ಮನುಷ್ಯರ ಭಯದಲ್ಲಿ. ಇನ್ನೊಬ್ಬ ಮನುಷ್ಯನ ಎದುರು ನನ್ನ ನಾಚಿಕೆಯನ್ನು ಇಟ್ಟೆ, ಅವರು ಮುಖ ತಿರುಗಿಸಲಿಲ್ಲ ಎಂಬ ಅನುಭವವೇ ಇಲ್ಲಿ ಅರ್ಧ ಚಿಕಿತ್ಸೆ. ಯಂತ್ರ ಅದನ್ನು ಕೊಡಲಾರದು.

ಯಾವ ಭಾಷೆಯಲ್ಲಿ ನೋವಾಯಿತೋ ಆ ಭಾಷೆಯಲ್ಲಿ

‘ದಂಡಪಿಂಡ’, ‘ಕೈಲಾಗದವನು’, ‘ಕರಿಯಾ’, ‘ನಿನ್ನ ಜನ್ಮಕ್ಕೆ’ ಎಂಬ ಮಾತುಗಳು ನಮಗೆ ಬಿದ್ದದ್ದು ಕನ್ನಡದಲ್ಲಿ. ಅವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟರೆ ವರದಿ ಒಪ್ಪಿಸಿದ ಹಾಗಾಗುತ್ತದೆ, ಎದೆಯ ಭಾರ ಹಾಗೇ ಉಳಿಯುತ್ತದೆ. ಇಂಗ್ಲಿಷ್ ಮಾತಾಡುವುದೇ ಕೀಳರಿಮೆಯ ಮೂಲವಾಗಿರುವವರಿಗಂತೂ ಇಂಗ್ಲಿಷ್ ಸೆಷನ್ ಇನ್ನೊಂದು ಇಂಟರ್‌ವ್ಯೂ ಆಗಿಬಿಡುತ್ತದೆ. ಹಾಗಾಗಿ ಹುಡುಕುವಾಗಲೇ ಕನ್ನಡ ಎಂಬ ಆಯ್ಕೆ ಹಾಕಿ. ಧಾರವಾಡದ ಕಡೆಯವರು, ಕಲಬುರಗಿಯವರು, ಮಂಗಳೂರಿನವರು ‘ನಮ್ಮ ಕಡೆ ಮಾತು ನಿಮಗ ತಿಳೀತದೇನ್ರಿ?’ ಎಂದು ಕೇಳುವುದರಲ್ಲೂ ತಪ್ಪಿಲ್ಲ. ಪೂರ್ತಿ ಕನ್ನಡದವರು ಸಿಗದಿದ್ದರೆ, ಕನ್ನಡ ಅರ್ಥವಾಗುವ, ನೀವು ನಡುನಡುವೆ ಕನ್ನಡಕ್ಕೆ ಹೊರಳಿದರೆ ತಡೆಯದ ಥೆರಪಿಸ್ಟ್ ಆದರೂ ಇರಲಿ.

ಮನಸ್ಸಿನ ಕಷ್ಟಗಳನ್ನು ಕನ್ನಡದಲ್ಲೇ ಬಿಡಿಸಿಡುವ ಪರಂಪರೆ ನಮಗಿದೆ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಪುಸ್ತಕಗಳ ಮೂಲಕ, ಪತ್ರಿಕೆಗಳ ಅಂಕಣಗಳ ಮೂಲಕ ದಶಕಗಳಿಂದ ಸಾಮಾನ್ಯ ಓದುಗರಿಗೆ ಧೈರ್ಯ ಹೇಳುತ್ತ ಬಂದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಚಿಕಿತ್ಸೆಯ ಜೊತೆಗೆ ಓದಿಗೆ ಇಂಥ ಪುಸ್ತಕಗಳು ಒಳ್ಳೆಯ ಸಂಗಾತಿ.

ಅಮೆರಿಕದಲ್ಲಿರುವ ಕನ್ನಡಿಗರು ಒಂದು ವಿಷಯ ಗಮನಿಸಬೇಕು. ಅಲ್ಲಿ ಸೈಕಾಲಜಿಸ್ಟರಿಗೆ ಪರವಾನಗಿ ಕೊಡುವುದು ಆಯಾ ರಾಜ್ಯ. ನೀವು ಇರುವ ರಾಜ್ಯದಲ್ಲಿ ಕೆಲಸ ಮಾಡಲು ಅವರಿಗೆ ಅನುಮತಿ ಇರಬೇಕು. ಭಾಷೆಯ ಸೆಳೆತಕ್ಕೆ ಬೆಂಗಳೂರಿನ ಥೆರಪಿಸ್ಟ್‌ರನ್ನು ಕಾಣಲು ಬಯಸುವವರು ಕಾನೂನು ಏನು ಹೇಳುತ್ತದೆ, ತುರ್ತು ಸಂದರ್ಭದಲ್ಲಿ ಯಾರನ್ನು ಕರೆಯಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಲಿ.

ಮೊದಲ ಕರೆಯಲ್ಲಿ ಕೇಳಬೇಕಾದ್ದು

ಸೆಷನ್ ನಿಗದಿ ಮಾಡುವ ಮೊದಲು ಹತ್ತು ಹದಿನೈದು ನಿಮಿಷ ಮಾತಾಡಲು ಹಲವರು ಒಪ್ಪುತ್ತಾರೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಓದಿ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

• ನಿಮ್ಮ ಪದವಿ ಯಾವುದು? ನೋಂದಣಿ ಸಂಖ್ಯೆ ಇದೆಯೇ?

• ಕೀಳರಿಮೆ ಇರುವವರ ಜೊತೆ ಕೆಲಸ ಮಾಡಿದ್ದೀರಾ? ಯಾವ ವಿಧಾನ ಬಳಸುತ್ತೀರಿ?

• ಕನ್ನಡದಲ್ಲಿ ಮಾತಾಡಬಹುದೇ?

• ಶುಲ್ಕ ಎಷ್ಟು? ಸೆಷನ್ ತಪ್ಪಿದರೆ ನಿಯಮ ಏನು? ಕಡಿಮೆ ಮಾಡಲು ಸಾಧ್ಯವೇ?

• ಸುಧಾರಣೆ ಆಗುತ್ತಿದೆಯೇ ಎಂದು ಹೇಗೆ, ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ?

• ನಾನು ಹೇಳಿದ್ದು ಯಾವ ಸಂದರ್ಭದಲ್ಲಿ ಬೇರೆಯವರಿಗೆ ತಿಳಿಯಬಹುದು?

ಕೊನೆಯ ಪ್ರಶ್ನೆ ಮುಖ್ಯ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಆದರೆ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ ವಿನಾಯಿತಿ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗಮನಕ್ಕೆ ಬಂದರೆ ಪೊಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಇದನ್ನು ಮೊದಲ ಭೇಟಿಯಲ್ಲೇ ತಾವಾಗಿ ವಿವರಿಸುವವರು ವೃತ್ತಿಯನ್ನು ಗೌರವಿಸುವವರು.

ಉತ್ತರಕ್ಕಿಂತ ಉತ್ತರಿಸುವ ರೀತಿ ಹೆಚ್ಚು ಹೇಳುತ್ತದೆ. ಪ್ರಶ್ನೆಗೆ ಸಿಡುಕಿದರೆ, ‘ನನ್ನನ್ನು ನಂಬಿದರೆ ಮಾತ್ರ ಬನ್ನಿ’ ಎಂದರೆ, ‘ಮೂರೇ ಸೆಷನ್‌ನಲ್ಲಿ ಹೊಸ ಮನುಷ್ಯ ಆಗ್ತೀರಿ’ ಎಂದು ಭರವಸೆ ಕೊಟ್ಟರೆ, ಅಲ್ಲಿಗೆ ನಮಸ್ಕಾರ ಹೇಳಿ. ಸಂಬಂಧಿಕರ ಹಾಗೆ ಬುದ್ಧಿ ಹೇಳುವವರು, ‘ಮದುವೆ ಆದ್ರೆ ಎಲ್ಲಾ ಸರಿ ಹೋಗುತ್ತೆ’ ಎನ್ನುವವರು, ನಿಮ್ಮ ಜಾತಿ, ಮೈಬಣ್ಣ, ಲೈಂಗಿಕತೆಯ ಬಗ್ಗೆ ಹಗುರವಾಗಿ ಮಾತಾಡುವವರು ಕೂಡ ಬೇಡ.

ಮನೆಯೊಳಗೆ ಏಕಾಂತ

ಎರಡು ಕೋಣೆಯ ಮನೆಯಲ್ಲಿ ಐದು ಜನ ಇರುವಾಗ ವಿಡಿಯೊ ಸೆಷನ್ ಮಾಡುವುದು ಹೇಗೆ? ಜನ ದಾರಿ ಕಂಡುಕೊಂಡಿದ್ದಾರೆ. ಕೆಲವರು ತಾರಸಿಗೆ ಹೋಗುತ್ತಾರೆ, ಕೆಲವರು ನಿಲ್ಲಿಸಿದ ಕಾರಿನಲ್ಲಿ ಕೂರುತ್ತಾರೆ, ಕೆಲವರು ಪಾರ್ಕಿನ ಮೂಲೆಯ ಬೆಂಚು ಹಿಡಿಯುತ್ತಾರೆ. ಇಯರ್‌ಫೋನ್ ಇದ್ದರೆ ಅರ್ಧ ಗುಟ್ಟು ಉಳಿದ ಹಾಗೆ, ಎದುರಿನವರ ಮಾತು ಹೊರಗೆ ಕೇಳುವುದಿಲ್ಲ. ಬಾಗಿಲ ಹೊರಗೆ ಫ್ಯಾನೋ ರೇಡಿಯೊವೋ ಸದ್ದು ಮಾಡುತ್ತಿರಲಿ. ಅಮ್ಮ ಕಾಫಿ ಹಿಡಿದು ಒಳಬಂದರೆ ಮಾತು ಬದಲಿಸಲು ಥೆರಪಿಸ್ಟ್ ಜೊತೆ ಒಂದು ಸಂಕೇತ ಗೊತ್ತುಮಾಡಿಕೊಳ್ಳಬಹುದು: ‘ಸರ್, ಆ ಫೈಲ್ ಕಳಿಸ್ತೀನಿ’ ಎಂದರೆ ಯಾರೋ ಬಂದಿದ್ದಾರೆ ಎಂದರ್ಥ. ಮುಖ ತೋರಿಸಲು ನಾಚಿಕೆ ಎನ್ನುವವರು ಮೊದಲೆರಡು ಬಾರಿ ಕ್ಯಾಮೆರಾ ಇಲ್ಲದೆ ಮಾತಾಡಬಹುದು. ಆದರೆ ತನ್ನ ಮುಖದ ಬಗ್ಗೆಯೇ ಹೇಸಿಕೊಳ್ಳುವವರಿಗೆ ಕ್ಯಾಮೆರಾ ಹಾಕುವ ದಿನವೂ ಚಿಕಿತ್ಸೆಯ ಒಂದು ಮೆಟ್ಟಿಲು.

ಆ್ಯಪ್ ಬಳಸುವವರು ಇನ್ನೊಂದು ಬಗೆಯ ಏಕಾಂತವನ್ನೂ ಯೋಚಿಸಬೇಕು. ಅಮೆರಿಕದ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ ಬೆಟರ್‌ಹೆಲ್ಪ್, ಬಳಕೆದಾರರ ಇಮೇಲ್ ವಿಳಾಸ ಮತ್ತು ಆರೋಗ್ಯದ ಪ್ರಶ್ನಾವಳಿಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವುಗಳ ಜೊತೆ ಹಂಚಿಕೊಂಡಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2023ರಲ್ಲಿ ಅಂತಿಮವಾದ ಆದೇಶದಂತೆ ಕಂಪನಿ 78 ಲಕ್ಷ ಡಾಲರ್ ಕೊಡಬೇಕಾಯಿತು. ನಮ್ಮಲ್ಲೂ ಅದೇ ವರ್ಷ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಕಾಯ್ದೆ ಇದ್ದರೂ ನಮ್ಮ ಎಚ್ಚರ ನಮಗಿರಬೇಕು. ಸೇರುವ ಮೊದಲೇ ಉದ್ದದ ಪ್ರಶ್ನಾವಳಿ ತುಂಬಿಸುವ, ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ ಅನುಮತಿ ಕೇಳುವ ಆ್ಯಪ್‌ಗಳಿಗೆ ಅವಸರದಲ್ಲಿ ‘ಸರಿ’ ಒತ್ತಬೇಡಿ.

ಆನ್‌ಲೈನ್ ಸಾಲದ ಸಂದರ್ಭಗಳೂ ಇವೆ. ಸಾಯುವ ಯೋಚನೆ ಬರುತ್ತಿದ್ದರೆ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ಊಟ ನಿದ್ದೆ ಪೂರ್ತಿ ಕೆಟ್ಟಿದ್ದರೆ ವಾರದ ಸೆಷನ್‌ಗೆ ಕಾಯಬೇಡಿ. 14416ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಅಪಾಯ ಎದುರಿಗಿದ್ದರೆ 112ಕ್ಕೆ ಕರೆ ಮಾಡಿ. ಹೊಡೆಯುವ ಬಡಿಯುವ ಮನೆಯಲ್ಲಿರುವವರಿಗೆ ಬೇಕಾದ್ದು ಆತ್ಮಗೌರವದ ಪಾಠಕ್ಕಿಂತ ಮೊದಲು ರಕ್ಷಣೆ.

ಸಾಗುತ್ತಿದೆಯೇ, ನಿಂತಿದೆಯೇ

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಒಂದು ಮಾತು ಹೇಳಿದರು: ಚಿಕಿತ್ಸೆ ನಿಲ್ಲುವುದು ಮೂರರ ಮೇಲೆ, ಇಬ್ಬರೂ ಒಪ್ಪಿದ ಗುರಿ, ಇಬ್ಬರೂ ಒಪ್ಪಿದ ಕೆಲಸ, ಇಬ್ಬರ ನಡುವಿನ ಬಾಂಧವ್ಯ. ವಿಧಾನ ಯಾವುದೇ ಇರಲಿ, ಈ ಹೊಂದಾಣಿಕೆ ಚೆನ್ನಾಗಿದ್ದಷ್ಟೂ ಫಲ ಚೆನ್ನ ಎಂಬುದನ್ನು ನಂತರದ ಸಂಶೋಧನೆಗಳು ಮತ್ತೆ ಮತ್ತೆ ಕಂಡಿವೆ. ನಾಲ್ಕೈದು ಸೆಷನ್ ಆದ ಮೇಲೆ ಈ ಮೂರನ್ನೇ ಇಟ್ಟುಕೊಂಡು ನೋಡಿ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಗೊತ್ತಿದೆಯೇ? ವಾರದ ನಡುವೆ ಮಾಡಲು ಏನಾದರೂ ಸಿಗುತ್ತಿದೆಯೇ? ನಾಚಿಕೆಗೇಡು ಅನಿಸುವ ವಿಷಯವನ್ನೂ ಇವರ ಮುಂದೆ ಹೇಳಬಹುದು ಅನ್ನಿಸುತ್ತಿದೆಯೇ?

ಇಲ್ಲ ಎಂದಾದರೆ ಸುಮ್ಮನೆ ಕರೆ ಕಡಿದು ಮಾಯವಾಗಬೇಡಿ. ಅವರಿಗೇ ಹೇಳಿ: ‘ಇದು ನನಗೆ ಅಷ್ಟಾಗಿ ಉಪಯೋಗ ಆಗ್ತಿಲ್ಲ ಅನ್ನಿಸ್ತಿದೆ.’ ಒಳ್ಳೆಯ ಥೆರಪಿಸ್ಟ್ ಈ ಮಾತಿಗೆ ಬೇಸರಿಸುವುದಿಲ್ಲ. ವಿಧಾನ ಬದಲಿಸುತ್ತಾರೆ ಅಥವಾ ನಿಮಗೆ ಹೊಂದುವ ಇನ್ನೊಬ್ಬರ ಹೆಸರು ಕೊಡುತ್ತಾರೆ. ಬದುಕಿಡೀ ಯಾರಿಗೂ ಇಲ್ಲ ಎನ್ನದವರು, ಎಲ್ಲರಿಗೂ ತಲೆಯಾಡಿಸಿದವರು, ಈ ಒಂದು ವಾಕ್ಯವನ್ನು ನೇರವಾಗಿ ಹೇಳಿದರೆ ಎಷ್ಟೋ ತಿಂಗಳ ಚಿಕಿತ್ಸೆ ಕಲಿಸಬೇಕಾದ್ದನ್ನು ಅಲ್ಲೇ ಮಾಡಿ ತೋರಿಸಿದಂತೆ.

ಮನೆಯವರಿಗೂ ಒಂದು ಮಾತು. ಮಗನೋ ಸೊಸೆಯೋ ತಂಗಿಯೋ ‘ನಾನು ಕೌನ್ಸೆಲಿಂಗ್ ತಗೋಬೇಕು’ ಎಂದರೆ ‘ನಿಂಗೇನಾಗಿದೆ?’ ಎಂದು ಕೇಳಬೇಡಿ. ವಾರಕ್ಕೊಂದು ಗಂಟೆ ಕೋಣೆ ಬಿಟ್ಟುಕೊಡಿ, ಬಾಗಿಲು ತಟ್ಟಬೇಡಿ, ಏನು ಮಾತಾಡಿದೆ ಎಂದು ವಿಚಾರಿಸಬೇಡಿ. ಆಗುವುದಾದರೆ ಮೊದಲ ಸೆಷನ್‌ನ ಶುಲ್ಕ ನೀವೇ ಕೊಡಿ.

ಇದನ್ನು ಓದುತ್ತ ‘ಇದೆಲ್ಲ ನನ್ನಂಥವರಿಗಲ್ಲ’ ಎಂದುಕೊಂಡ ಗೆಳೆಯ, ಗೆಳತಿ, ಇದು ನಿಮಗಾಗಿಯೇ ಬರೆದದ್ದು. ಪೂರ್ತಿ ಧೈರ್ಯ ಬಂದ ಮೇಲೆ ಹುಡುಕುತ್ತೇನೆ ಎಂದು ಕಾಯಬೇಡಿ. ಧೈರ್ಯ ಬರುವುದು ಹುಡುಕಲು ಹೊರಟ ಮೇಲೆ. ಇವತ್ತು ಒಬ್ಬರ ಹೆಸರು ನೋಡಿ, ನೋಂದಣಿ ಇದೆಯೇ ಎಂದು ಪರಿಶೀಲಿಸಿ, ಎರಡು ಸಾಲಿನ ಸಂದೇಶ ಬರೆಯಿರಿ: ‘ನಮಸ್ಕಾರ, ಕೀಳರಿಮೆಯ ತೊಂದರೆಗೆ ನೆರವು ಬೇಕಿತ್ತು. ಕನ್ನಡದಲ್ಲಿ ಮಾತಾಡಬಹುದಾ, ಶುಲ್ಕ ಎಷ್ಟು?’ ಬರೆಯುವಾಗ ಕೈ ನಡುಗಿದರೂ ಚಿಂತೆಯಿಲ್ಲ, ಕಳಿಸಿಬಿಡಿ. ಅವರು ಹೊಂದದಿದ್ದರೆ ಇನ್ನೊಬ್ಬರಿದ್ದಾರೆ.